ಅತ್ತಿಗೆಯ ತಲೆಗೆ ಕಟ್ಟಿದ ಬೆಂಕಿ

ಬಿಳಿಚೋಡಿನ ನಮ್ಮ ದನದ ಕೊಟ್ಟಿಗೆ ಸುಟ್ಟದ್ದು ನನ್ನಿಂದ. ಅತ್ತಿಗೆ ಬಸಮ್ಮನಿಂದಲ್ಲ. ಇಷ್ಟು ಹೇಳಲು ಅರ್ಧ ಆಯಸ್ಸು ಬೇಕಾಯಿತು — ಈಗಲೂ, ಬರೆದದ್ದನ್ನು ಹೊಡೆದುಹಾಕಲೇ ಎಂದು ಮನಸ್ಸು ಹಿಂದೆಮುಂದೆ ನೋಡುತ್ತಿದೆ.

ಮೂವತ್ತರ ದಶಕದ ಮಾತು. ದಾವಣಗೆರೆಯಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಊರಿಗೆ ಬಂದಿದ್ದೆ. ಕೈಗೆ ಕೆಲಸವಿಲ್ಲ, ತಲೆಯಲ್ಲಿ ಮಾತ್ರ ಮೆಸ್ಮೆರಿಸಂ. ಅಂಚೆಯಲ್ಲಿ ಅದರ ಪುಸ್ತಕವನ್ನೂ ತರಿಸಿದ್ದೆ. ಕತ್ತಲಲ್ಲಿ ಒಬ್ಬನೇ ಕುಳಿತು ರೆಪ್ಪೆ ಹೊಡೆಯದೆ ದೀಪದ ಕುಡಿಯನ್ನು ನೋಡಬೇಕು. ಆ ಅಭ್ಯಾಸ ಕೈಗೂಡಿದರೆ ಎಂಥವರನ್ನೂ ನಿದ್ದೆಗೆ ಇಳಿಸಿ ಮನಸ್ಸಿನ ಬೇನೆ ತೆಗೆಯಬಹುದು ಎಂದಿತ್ತು. ಒಟ್ಟು ಕುಟುಂಬದ ಮನೆಯಲ್ಲಿ ಒಬ್ಬನೇ ಕೂರುವ ಜಾಗ ಎಲ್ಲಿಂದ ಬರಬೇಕು? ಕೊಟ್ಟಿಗೆಯ ಅಟ್ಟವೊಂದೇ. ಅಲ್ಲಿ ಒಣಗಿದ ಜೋಳದ ಸೊಪ್ಪೆ ತುಂಬಿ ಹೊರಗೂ ಚಾಚಿಕೊಂಡಿತ್ತು. ಅದರ ನಡುವೆ, ಮನೆಯವರ ಕಣ್ಣು ತಪ್ಪಿಸಿ, ಸೀಮೆಎಣ್ಣೆಯ ಬುಡ್ಡಿ ಹಚ್ಚಿಟ್ಟುಕೊಂಡು ಕೂತೆನಲ್ಲ — ಎಂಥ ಪಂಡಿತ ನಾನು!

ಒಂದು ಸಂಜೆ ಅಣ್ಣ ರುದ್ರಪ್ಪ ಬೀದಿಯಿಂದ ನನ್ನನ್ನು ಕೂಗಿದ. ಸಿಕ್ಕಿಬಿದ್ದೇನೆಂಬ ಗಾಬರಿಗೆ ದಡಬಡ ಇಳಿದೆ. ಬುಡ್ಡಿ ಆರಿಸಿದೆನೆ? ನೆನಪಿಲ್ಲ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ನೆನಪಿದೆ. ಆರಿಸಲಿಲ್ಲ.

ಅದೇ ಹೊತ್ತಿಗೆ ಅತ್ತಿಗೆ, ಅಣ್ಣನ ಹೆಂಡತಿ, ಪಕ್ಕದ ಮನೆಯಿಂದ ಸಗಣಿಯ ಕುಳ್ಳಿನ ಮೇಲೆ ಕೆಂಡ ತರುತ್ತಿದ್ದಳು. ಆಗ ಕಡ್ಡಿಪೆಟ್ಟಿಗೆ ಉಳಿಸಲು ಹೆಂಗಸರೆಲ್ಲ ಹಾಗೇ ಒಬ್ಬರ ಒಲೆಯಿಂದ ಇನ್ನೊಬ್ಬರ ಒಲೆಗೆ ಬೆಂಕಿ ಒಯ್ಯುತ್ತಿದ್ದರು. ದಾರಿ ಕೊಟ್ಟಿಗೆಯ ಮುಂದೆಯೇ. ಅವಳು ಒಳಗೆ ಬಂದು ಒಲೆ ಊದುವಷ್ಟರಲ್ಲಿ ಅಟ್ಟ ಧಗಧಗ ಉರಿಯುತ್ತಿತ್ತು. ಎತ್ತುಗಳನ್ನು ಹೇಗೋ ಬಿಚ್ಚಿದೆವು. ಅತ್ತಿಗೆಗೆ ತವರಿನವರು ಕೊಟ್ಟಿದ್ದ ಆಕಳು ಒಳಗೇ ಉಳಿಯಿತು.

“ಗಾಳಿ ಬೀಸ್ತಿತ್ತು. ನನ್ ಕೆಂಡದ ಕಿಡೀನೇ ಹಾರೈತೆ!” ಎಂದು ಅತ್ತಿಗೆ ಎದೆ ಬಡಿದುಕೊಂಡಳು. ಅಲ್ಲ ಎಂದು ಯಾರೂ ಹೇಳಲಿಲ್ಲ. ನಾನೂ —

ಆಮೇಲೆ ಶುರುವಾಯಿತು ಅವಳ ಭಯ. ಒಲೆಯ ಮುಂದೆ ಕೂತರೆ ಕೈ ನಡುಗುವುದು, ಬೆವರುವುದು, ಉಸಿರು ಸಿಕ್ಕಿಕೊಳ್ಳುವುದು. ಅಡುಗೆ ಮುಗಿಸಿ ಒಲೆಗೆ ಕೊಡ ನೀರು ಸುರಿಯುವಳು. ಹೊರಗೆ ಹೋದವಳು ಮತ್ತೆ ಓಡಿಬಂದು ಬೂದಿಯೊಳಗೆ ಕೈಯಿಟ್ಟು ನೋಡುವಳು. ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಅವಳು ಮಾತ್ರ ಕಡ್ಡಿಯಂತಾದಳು. ಅವ್ವ ಸತ್ತ ಮೇಲೆ ನನಗೆ ಬಿಸಿ ರೊಟ್ಟಿ ಬಡಿಸಿ ಸಾಕಿದವಳು ಅವಳೇ. ಕೊನೆಗೆ ಅಣ್ಣ ನನ್ನ ಬಳಿ ಬಂದ.

“ಪುಸ್ತಕ ತರಿಸಿ ಅದೇನೋ ನಿದ್ದೆ ವಿದ್ಯೆ ಕಲ್ತಿದೀಯಂತಲ್ಲೋ. ನಿಮ್ಮತ್ತಿಗೇನ ಒಂದೀಟು ನೋಡಾಕೆ ಆಗುತ್ತೇನು?”

ಆಗ ಹೇಳಬಹುದಿತ್ತು. ಕೆಂಡವಲ್ಲ, ನನ್ನ ಬುಡ್ಡಿ — ಅವಳ ರೋಗಕ್ಕೆ ಅಷ್ಟೇ ಸಾಕಿತ್ತು. ಅದೊಂದನ್ನು ಬಿಟ್ಟು ಬೇರೆಲ್ಲ ಮಾಡಿದೆ.

ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆ. ನನ್ನ ಹೆಬ್ಬೆರಳನ್ನೇ ನೋಡು, ಉಸಿರು ನಿಧಾನವಾಗಿ ಬಿಡು, ರೆಪ್ಪೆ ಭಾರವಾಗುತ್ತಿದೆ... ಅವಳಿಗೆ ನನ್ನ ಮೇಲೆ ಎಷ್ಟು ನಂಬಿಕೆಯೆಂದರೆ, ಹಾಲುಂಡ ಕೂಸಿನ ಹಾಗೆ ಕಣ್ಣು ಮುಚ್ಚಿದಳು. ಬಿಗಿದ ಹೆಗಲು ಸಡಿಲವಾಯಿತು.

“ಬೆಂಕಿ ನಿನ್ ಕೈಯಿಂದ ಬಿದ್ದಿಲ್ಲ ಅತ್ತಿಗೆ,” ಎಂದೆ.

ಮುಚ್ಚಿದ ಕಣ್ಣಲ್ಲೇ ಕೇಳಿದಳು: “ನಿನಗೆ ಹೆಂಗ್ ಗೊತ್ತು ತಮ್ಮಾ?”

ಅಣ್ಣ ಬಾಗಿಲಲ್ಲೇ ನಿಂತಿದ್ದ. “ಅದು ಬ್ಯಾಡ ಈಗ. ಆ ಸಂಜೆ ಮರ್ತುಬಿಡು. ಒಲೆ ಕಂಡ್ರೆ ಇನ್ಮ್ಯಾಲೆ ಎದೆ ತಣ್ಣಗಿರ್ತೈತೆ,” ಎಂದು ಮಾತು ಹೊರಳಿಸಿಬಿಟ್ಟೆ.

ಗುಣವಾಯಿತು — ನನ್ನನ್ನು ಹೆಚ್ಚು ಚುಚ್ಚುವುದು ಇದೇ. ವಾರಗಟ್ಟಲೆ ಹಾಗೆ ಕೂರಿಸಿದ ಮೇಲೆ ಕೈನಡುಕ ನಿಂತಿತು, ಉಸಿರು ಹದಕ್ಕೆ ಬಂತು. ವಿದ್ಯೆಯಲ್ಲಿ ಮೋಸವಿರಲಿಲ್ಲ. ಭಯ ಹೋಯಿತು, ಆದರೆ ತಪ್ಪು ತನ್ನದೇ ಎಂಬುದು ಅವಳ ಮನಸ್ಸಿನಿಂದ ಹೋಗಲಿಲ್ಲ. “ನನ್ ಮೈದುನ ನನ್ ಜೀವ ಉಳಿಸ್ಯಾನೆ” ಎಂದು ಕಂಡಕಂಡವರ ಮುಂದೆ ಹೊಗಳಿದಳು. ನ್ಯಾಮತಿಯಿಂದ, ಚನ್ನಗಿರಿಯಿಂದ ಜನ ಹುಡುಕಿಕೊಂಡು ಬಂದರು — ಗಾಬರಿಯವರು, ಎದೆಬಡಿತದವರು, ನಿದ್ದೆ ಬಾರದವರು. ಎಷ್ಟೋ ಮಂದಿ ಹಗುರಾಗಿ ಹೋದರು. ಶಾಲು ಹೊದಿಸಿದರು. ಹೊದ್ದುಕೊಂಡೆ.

ನಲವತ್ತರ ದಶಕದ ಕೊನೆಗೆ ಅಣ್ಣ ಹಾಸಿಗೆ ಹಿಡಿದ. ಹೋಗುವ ದಿನ ಮಧ್ಯಾಹ್ನ ಅತ್ತಿಗೆ ಗಂಜಿ ಕುಡಿಸುತ್ತಿದ್ದಳು; ನಾನು ಅವನ ಕಾಲು ಒತ್ತುತ್ತಿದ್ದೆ. ಅವಳ ಕೈ ಹಿಡಿದು ಅಣ್ಣ ಅಂದ: “ಬಸೀ, ಆ ಬೆಂಕೀದು ನಾನು ಯಾವತ್ತೋ ಮಾಫ್ ಮಾಡೀನಿ. ಮನಸ್ಸಿಗೆ ಹಚ್ಕೋಬ್ಯಾಡ.”

ಅತ್ತಿಗೆ ಆ ಕೈಯನ್ನು ಕಣ್ಣಿಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಅಯ್ಯೋ, ಎಷ್ಟು ವರ್ಷದಿಂದ ಆ ಒಂದು ಮಾತಿಗೆ ಕಾದಿದ್ದಳೋ! ನನ್ನ ತಪ್ಪಿಗೆ, ನನ್ನ ಕಣ್ಣೆದುರಿಗೆ, ಅವಳು ಕ್ಷಮೆ ಪಡೆದಳು. ನಾನು ತಲೆ ಬಗ್ಗಿಸಿ ಕಾಲು ಒತ್ತುತ್ತಲೇ ಇದ್ದೆ. ಆ ಸಂಜೆಗೇ ಅಣ್ಣ ಹೋದ.

ಅತ್ತಿಗೆ ಈಗ ಹೊನ್ನಾಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ನಾಳೆ ಬೆಳಗಿನ ಬಸ್ಸಿಗೆ ಹೊರಟಿದ್ದೇನೆ. ಅವಳ ಮುಖ ನೋಡಿಕೊಂಡು ಬಾಯಿಬಿಟ್ಟು ಹೇಳುತ್ತೇನೆ, ಮಗಳು ಅಳಿಯನ ಎದುರಿಗೇ. ಬೈದರೆ ಬೈಯಲಿ. ಎದ್ದು ಹೋಗು ಅಂದರೆ ಹೋಗುತ್ತೇನೆ. ಬೈಯದೆ ಉಣ್ಣಲು ಕರೆದುಬಿಟ್ಟರೆ — ಅದನ್ನು ಹೇಗೆ ತಡೆದುಕೊಳ್ಳಲಿ, ತಿಳಿಯದು.

ಒಂದನ್ನಂತೂ ಕೇಳಿಯೇ ಕೇಳುತ್ತಾಳೆ: “ಅವ್ರು ಇದ್ದಾಗ ಯಾಕೆ ಹೇಳಲಿಲ್ಲ ತಮ್ಮಾ?” ಹೆದರಿದ್ದೆ ಎನ್ನುವುದನ್ನು ಬಿಟ್ಟರೆ ನನ್ನಲ್ಲಿ ಬೇರೆ ಉತ್ತರವಿಲ್ಲ. ಅದನ್ನೂ ಹೇಳಬೇಕಾದದ್ದು ಅವಳ ಮುಂದೆ — ನನ್ನಿಂದಾಗಿ ಒಲೆಯ ಬೂದಿಗೂ ಹೆದರಿದವಳ ಮುಂದೆ.