ಮೆಟ್ಟಿಲ ಮೇಲಿನ ಸ್ವಿಚ್ಚು

ಫಲನಿಕೊ ಒಂದು ಕಡೆ ಸುಮ್ಮನೆ ಕೂತವನೇ ಅಲ್ಲ. ಚರ್ಚಿನ ಬೆಂಚಿನ ಮೇಲೂ ಅವನ ಮೊಣಕಾಲು ಕುಣಿಯುತ್ತಿರುತ್ತಿತ್ತು. ರಾಜಧಾನಿ ಅಪಿಯಾದ ಹೋಟೆಲೊಂದರಲ್ಲಿ ವೈರಿಂಗ್ ಕಲಿತು ಊರಿಗೆ ಮರಳಿದ ಮೇಲೆ ಫ್ಯೂಸು ಹೋದರೂ ಅವನೇ, ಪಂಪು ಕೆಟ್ಟರೂ ಅವನೇ. ಕೈ ಚುರುಕು, ಕಾಲು ಚುರುಕು. ಮಾತು ಮಾತ್ರ ಓರಗೆಯವರ ಮುಂದೆ; ಹಿರಿಯರ ಎದುರು ನಿಂತನೋ, ಬಾಯಿಗೆ ಬೀಗ. ಅವನೊಬ್ಬನನ್ನೇ ಯಾಕೆ ಬೈಯಬೇಕು, ನಮ್ಮ ಸಮೋವಾದಲ್ಲಿ ಮಕ್ಕಳನ್ನು ಬೆಳೆಸುವುದೇ ಹಾಗೆ. ಹಿರಿಯರು ಕೂತಿದ್ದರೆ ಬೆನ್ನು ಬಗ್ಗಿಸಿ, 'ತುಲೌ' ಎಂದು ಕ್ಷಮೆ ಕೇಳಿಕೊಂಡು ದಾಟಬೇಕು. ಅವರ ತಲೆಯ ಮೇಲೆ ಕೈ ಚಾಚುವುದಂತೂ, ದೇವರೇ, ಆ ಮಾತೇ ಬೇಡ.

ಅವತ್ತು ಕೆಲಸವಿದ್ದದ್ದು ಊರಿನ ಮುಖಂಡ ಮುಲಿತಾಲೊ ಅವರ ಎರಡಂತಸ್ತಿನ ಮನೆಯಲ್ಲಿ. ಅವರ ಹೆಂಡತಿ ಎಲಿಸಪೇಟಾಗೆ ಕಣ್ಣಲ್ಲಿ ಪೊರೆ. ಹೋದ ವರ್ಷ ಮೆಟ್ಟಿಲಿನಿಂದ ಉರುಳಿ ಸೊಂಟ ಮುರಿದುಕೊಂಡಿದ್ದಳು. ಇನ್ನೊಮ್ಮೆ ಬಿದ್ದರೆ ಮತ್ತೆ ಏಳುವ ಮಾತಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅದಕ್ಕೇ ಹೊತ್ತು ಮುಳುಗಿದ ಕೂಡಲೇ ತಾನಾಗಿ ದೀಪ ಹತ್ತಿಸುವ ಸ್ಮಾರ್ಟ್ ಸ್ವಿಚ್ಚು ತರಿಸಿದ್ದರು. ಮೆಟ್ಟಿಲ ಕೆಳಗೊಂದು, ಮೇಲೊಂದು. ಎಲ್ಲಿಂದ ಒತ್ತಿದರೂ ಅದೇ ದೀಪ.

ಕೆಳಗಿನದನ್ನು ಫಲನಿಕೊ ಚಕಚಕನೆ ಹಾಕಿದ. ಮೇಲಿನದರ ಪೊಟ್ಟಣ ಹಿಡಿದು ಹತ್ತಿ ನೋಡಿದರೆ, ಅಲ್ಲಿನ ಹಳೇ ಸ್ವಿಚ್ಚಿಗೆ ಸರಿಯಾಗಿ ಕೆಳಗೆ, ಗಾಳಿ ಬೀಸುವ ಜಾಗ ಅಂತ, ಚಾಪೆ ಹಾಸಿಕೊಂಡು ಮುಲಿತಾಲೊ ಕೂತಿದ್ದಾರೆ. ತೊಡೆಯ ಮೇಲೆ ತೆಂಗಿನ ನಾರು ಹೊಸೆಯುತ್ತಿದ್ದಾರೆ. ಸ್ವಿಚ್ಚು ಬಿಚ್ಚಬೇಕೆಂದರೆ ಅವರ ತಲೆಯ ಮೇಲೆ ಕೈಯಾಡಿಸಬೇಕು.

ಫಲನಿಕೊ ನಿಂತ. ಕೆಮ್ಮಿದ. ಸ್ಕ್ರೂಡ್ರೈವರು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಆಯ್ತೇನೋ ಫಲನಿಕೊ?" ಅಂದರು ಮುಲಿತಾಲೊ, ನಾರಿನಿಂದ ಕಣ್ಣೆತ್ತದೆ.

"ಆಯ್ತು... ಅಂದ್ರೆ... ಹ್ಞೂ, ಆಯ್ತು ಯಜಮಾನ್ರೇ."

ಆಯ್ತು ಅಂದುಬಿಟ್ಟ ಪುಣ್ಯಾತ್ಮ! ಈ ಜೋಡಿ ಸ್ವಿಚ್ಚಿನ ಕೆಲಸದಲ್ಲಿ ಒಂದನ್ನು ಹಾಕಿ ಇನ್ನೊಂದನ್ನು ಬಿಡುವ ಹಾಗೇ ಇಲ್ಲ. ಮೇಲಿನ ಹಳೆಯದನ್ನು ಯಾರಾದರೂ ಒತ್ತಿದರೆ ಕೆಳಗಿನ ಹೊಸದಕ್ಕೆ ಕರೆಂಟೇ ಕಡಿದುಹೋಗುತ್ತದೆ, ಉರಿಯುತ್ತಿದ್ದ ದೀಪವೂ ಆರುತ್ತದೆ. ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆನ್ನು ಬಗ್ಗಿಸಿ 'ತುಲೌ' ಅಂದು ಇಳಿದುಬಂದ.

ಕೆಳಗೆ ಎಲಿಸಪೇಟಾ ಬಿಸಿ ಕೋಕೋ ಕೊಟ್ಟು, ಹೊಸ ಗುಂಡಿಯನ್ನು ಮಗುವಿನ ಹಾಗೆ ಒತ್ತಿ ಒತ್ತಿ ನೋಡಿದಳು. "ಇನ್ನು ನಾನು ಗೋಡೆ ತಡಕಾಡೋ ಹಾಗಿಲ್ಲ, ಅಲ್ವೇನೋ ಮಗಾ?"

"ಇಲ್ಲ ಅಮ್ಮಾ," ಅಂದ. ಕೋಕೋ ಅರ್ಧಕ್ಕೇ ಬಿಟ್ಟು ಎದ್ದ.

ಮನೆಗೆ ಬಂದವನು ಬಾಗಿಲಿಗೂ ಬಾವಿಗೂ ಓಡಾಡತೊಡಗಿದ. ಸಾಮಾನಿನ ಚೀಲ ತೆಗೆದ, ಇಟ್ಟ, ಮತ್ತೆ ತೆಗೆದ. ಹೆಂಡತಿ ಮತಲೇನಾ ನೋಡುವಷ್ಟು ನೋಡಿದಳು.

"ಏನದು, ಕಾಲು ಸುಟ್ಟ ಬೆಕ್ಕಿನ ಹಾಗೆ? ಕೂತ್ಕೊಂಡು ಬೊಗಳು."

ಹೇಳಿದ. ಅವಳು ಕೈಯಲ್ಲಿದ್ದ ಸೌಟನ್ನು ಕುಕ್ಕಿದಳು. "ಸ್ವಲ್ಪ ಏಳಿ ಅನ್ನೋಕೆ ಏನಾಗಿತ್ತು? ಬಾಯಲ್ಲಿ ಕೆಸುವಿನ ಗೆಡ್ಡೆ ತುರುಕಿದ್ರಾ?"

"ಯಜಮಾನರನ್ನ ಏಳಿ ಅನ್ನೋದಾ? ನಮ್ಮಪ್ಪ ಅಂದಿದ್ನಾ, ನಿಮ್ಮಪ್ಪ ಅಂದಿದ್ನಾ? ಬೆಳಿಗ್ಗೆ ಅವರು ತೋಟಕ್ಕೆ ಹೋದಾಗ ಹಾಕಿ ಬರ್ತೀನಿ."

"ಬೆಳಿಗ್ಗೆ ಅನ್ನೋದು ಇವತ್ತು ಕತ್ತಲಾದ ಮೇಲೆ ಬರೋದು, ತಿಳೀತಾ?"

ಅಷ್ಟರಲ್ಲಿ ಹಲಸಿನ ಕೊಂಬೆಗೆ ಊರ ಗಂಟೆಯಾಗಿ ನೇತುಹಾಕಿದ ಖಾಲಿ ಗ್ಯಾಸ್ ಸಿಲಿಂಡರು ಢಣ್ ಅಂತು. ಸಂಜೆಯ 'ಸಾ' ಶುರುವಾಯಿತು. ಇನ್ನು ಕೊನೆಯ ಗಂಟೆ ಹೊಡೆಯುವವರೆಗೆ ಮನೆಮನೆಯಲ್ಲಿ ಪ್ರಾರ್ಥನೆ. ದಾರಿಯಲ್ಲಿ ಒಂದು ನರಪಿಳ್ಳೆಯೂ ನಡೆಯುವಂತಿಲ್ಲ. ಮತಲೇನಾ ಸ್ತೋತ್ರ ಎತ್ತಿಕೊಂಡಳು. ಫಲನಿಕೊನ ತುಟಿ ಅಲ್ಲಾಡುತ್ತಿತ್ತು, ಮನಸ್ಸು ಆ ಮೆಟ್ಟಿಲ ಮೇಲಿತ್ತು. ಆ ಮನೆಯವರು ಪ್ರಾರ್ಥನೆಗೆ ಕೂರುವುದು ಮಹಡಿಯಲ್ಲೇ. ಅದು ಮುಗಿದದ್ದೇ ಅಡುಗೆಮನೆಗೆ ಮೊದಲು ಇಳಿಯುವವಳು ಎಲಿಸಪೇಟಾ. ದೀಪ ಉರಿಯುತ್ತಿದೆ ಎನ್ನುವುದು ಆ ಪೊರೆಗಣ್ಣಿಗೆ ಕಂಡರೆಷ್ಟು, ಬಿಟ್ಟರೆಷ್ಟು? ಇಳಿಯುವ ಮುಂಚೆ ಸ್ವಿಚ್ಚು ಒತ್ತುವುದು ಅವಳ ಕೈಗೆ ಅಂಟಿದ ಅಭ್ಯಾಸ.

ಫೋನು ಮಾಡಿದ. ಹೊಡೆದುಕೊಂಡಿತು, ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ದೇವರ ಹೊತ್ತಿನಲ್ಲಿ ಫೋನು ಎತ್ತುವವರು ಯಾರು?

ಎದ್ದವನೇ ಚೀಲ ಹೆಗಲಿಗೇರಿಸಿ ಓಡಿದ.

ದಾರಿಯಲ್ಲಿ ಕಾವಲಿಗೆ ನಿಂತಿದ್ದ ಸೆಮಿಸಿ ದೊಣ್ಣೆ ಅಡ್ಡ ಹಿಡಿದ. "ಲೋ, ತಲೆ ಕೆಟ್ಟಿದ್ಯಾ? ಸಾ ಕಣೋ!"

"ಬಿಡೋ ಮಾರಾಯ, ಅಮ್ಮ ಬಿದ್ದು ಸಾಯ್ತಾರೆ!"

"ದಂಡ ಬೀಳತ್ತೆ, ಹಂದಿ ಕೊಡ್ಬೇಕಾಗತ್ತೆ ನೋಡು!"

"ಎರಡು ತಗೊಳ್ರೋ!" ದೊಣ್ಣೆಯ ಕೆಳಗೆ ನುಸುಳಿಯೇಬಿಟ್ಟ. ದಾರಿಯ ಎರಡೂ ಬದಿಯ ಮನೆಗಳಲ್ಲಿ ಹಾಡು ಹಾಡುತ್ತಿದ್ದವರೆಲ್ಲ ಕತ್ತು ಹೊರಳಿಸಿ ನೋಡಿದರು. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಆದರೂ ಓಡಿದ.

ಮುಲಿತಾಲೊ ಅವರ ಅಂಗಳ ಮುಟ್ಟುವುದಕ್ಕೂ ಕೊನೆಯ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಬಾಗಿಲಲ್ಲಿ ನಿಂತು ನೋಡಿದ. ದೀಪ ಝಗಝಗ ಉರಿಯುತ್ತಿದೆ. ಮೇಲೆ ಎಲಿಸಪೇಟಾ, ಒಂದು ಕಾಲು ಆಗಲೇ ಮೆಟ್ಟಿಲ ಮೇಲೆ, ಕೈ ಗೋಡೆಯ ಮೇಲೆ.

"ಅಮ್ಮಾ, ಮುಟ್ಟಬೇಡಿ!"

ಕೂಗಿಗೆ ಬೆಚ್ಚಿದಳೋ, ಕೈ ತನ್ನ ಪಾಡಿಗೆ ಒತ್ತಿತೋ. ಕತ್ತಲು. ಧಡ್ ಅಂತ ಶಬ್ದ.

ಫಲನಿಕೊ ಫೋನಿನ ಬೆಳಕು ಮಾಡಿಕೊಂಡು ಹತ್ತಿದ. ಮುದುಕಿ ಮೇಲಿನಿಂದ ಎರಡನೇ ಮೆಟ್ಟಿಲಲ್ಲಿ ಕುಸಿದು ಕೂತು, ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದಳು. ಪಾದ ಉಳುಕಿತ್ತು. ಸೊಂಟ ಮುಟ್ಟಿ ನೋಡಿಕೊಂಡು, "ಇದು ಗಟ್ಟಿಯಾಗಿದೆ, ಹೆದರಬೇಡ," ಅಂದಳು.

ತಲೆ ಎತ್ತಿದ. ಅದೇ ಸ್ವಿಚ್ಚಿನ ಕೆಳಗೆ, ಅದೇ ಚಾಪೆಯ ಮೇಲೆ, ಬೈಬಲ್ಲು ಹಿಡಿದು, ಏನಾಯಿತೆಂದು ತಿಳಿಯದೆ ಮುಲಿತಾಲೊ ಕೂತೇ ಇದ್ದರು.

"ಏಳಿ ಯಜಮಾನ್ರೇ," ಅಂದ ಫಲನಿಕೊ. ಬೆನ್ನು ಬಗ್ಗಿಸಲಿಲ್ಲ, ತುಲೌ ಅನ್ನಲಿಲ್ಲ. "ಜಾಗ ಬಿಡಿ. ಮಧ್ಯಾಹ್ನ ಇದನ್ನ ಹಾಕಲೇ ಇಲ್ಲ ನಾನು. ಆಯ್ತು ಅಂತ ಸುಳ್ಳು ಹೇಳ್ದೆ."

ಮುಲಿತಾಲೊ ಎದ್ದರು. ಅವನ ಫೋನು ಇಸಿಕೊಂಡು ತಾವೇ ಬೆಳಕು ಹಿಡಿದರು. ಫಲನಿಕೊ ಕೆಳಗೆ ಹೋಗಿ ಮೇನ್ ಆಫ್ ಮಾಡಿ ಬಂದು ಹಳೆಯದನ್ನು ಬಿಚ್ಚಿದ.

"ಮಧ್ಯಾಹ್ನ ನೀನು ಒದ್ದಾಡಿದ್ದು ನಂಗೆ ಕಾಣ್ತು," ಅಂದರು ಆಮೇಲೆ, ಮೆಲ್ಲಗೆ. "ಏನೋ ಬೇಕಾಗಿದೆ ಅಂತ ಗೊತ್ತಾಯ್ತು. ಇವನು ಬಾಯಿಬಿಟ್ಟು ಕೇಳ್ಲಿ ಅಂತ ಕೂತೆ. ನಾನೇ ಎದ್ದಿದ್ರೆ ಏನು ಗಂಟು ಹೋಗ್ತಿತ್ತು?"

"ಸಾ ಮುರಿದಿದೀನಿ, ಯಜಮಾನ್ರೇ. ದಂಡ ಕೊಡ್ತೀನಿ."

"ಕೊಡ್ಲೇಬೇಕು. ಹಂದಿ ನಿಂದೇ. ಬೇಯಿಸೋ ಒಲೆ, ಸೌದೆ ನಂದು."

ಮೆಟ್ಟಿಲ ಮೇಲೆ ಪಾದ ತಿಕ್ಕಿಕೊಳ್ಳುತ್ತ ಕೂತಿದ್ದ ಎಲಿಸಪೇಟಾ ಇಬ್ಬರ ಕಡೆಗೂ ಮುಖ ತಿರುಗಿಸಿದಳು.

"ಭಾರೀ ಮರ್ಯಾದಸ್ಥರು ಕಣ್ರಪ್ಪಾ ನೀವು! ಒಬ್ಬನಿಗೆ ಬಾಯಿ ಬರಲಿಲ್ಲ, ಒಬ್ಬರಿಗೆ ಕಾಲು ಬರಲಿಲ್ಲ. ಬೀಳೋಕೆ ಮಾತ್ರ ನಾನು ಬೇಕಾಯ್ತು."