ಬೇವು ಕಟ್ಟಿದ ಮನೆಗೆ ಮೊದಲು

ಅವರ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಹಣೆಯಲ್ಲಿ ಒತ್ತೊತ್ತಾಗಿ, ಕೆನ್ನೆಯಲ್ಲಿ ಸ್ವಲ್ಪ ಬಿಡಿಬಿಡಿಯಾಗಿ, ಮೂಗಿನ ತುದಿಯಲ್ಲಿ ಒಂದೇ ಒಂದು ಆಳವಾದ ಗುಳಿ. ಬಿಸಿಲಲ್ಲಿ ನಡೆದು ಬಂದಾಗ ಆ ಗುಳಿಗಳಲ್ಲೆಲ್ಲ ಬೆವರು ನಿಲ್ಲುತ್ತಿತ್ತು. ಸೆರಗಿನಿಂದ ಸುಮ್ಮನೆ ಒರೆಸಿಕೊಂಡರೆ ಹೋಗುತ್ತಿರಲಿಲ್ಲ, ಒತ್ತಿ ಒತ್ತಿ ತೆಗೆಯಬೇಕಾಗುತ್ತಿತ್ತು. ಮೊದಲ ದಿನ ನಾನು ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಅವರ ಕೈಯಲ್ಲಿದ್ದ ಕೊಡೆಯನ್ನೇ ನೋಡುತ್ತ ಮಾತಾಡಿದೆ. ಅವರಿಗೆ ಅರ್ಥವಾಯಿತು.

“ಒಂದ್ಸಲ ಚೆನ್ನಾಗಿ ನೋಡ್ಬಿಡು ಬೇಟಾ. ಇದು ನನ್ ಐಡೆಂಟಿಟಿ ಕಾರ್ಡು. ಗವರ್ಮೆಂಟ್‌ನೋರು ಕೊಟ್ಟಿರೋದು ತೋರಿಸಿದ್ರೆ ಯಾರೂ ಬಾಗ್ಲು ತೆಗಿಯಲ್ಲ, ಇದನ್ನ ತೋರಿಸಿದ್ರೆ ತೆಗೀತಾರೆ” ಎಂದರು.

ಅದು ತಮಾಷೆಯ ಮಾತಲ್ಲ ಎಂದು ಆಮೇಲೆ ಗೊತ್ತಾಯಿತು. ಅಮ್ಮ ಒಮ್ಮೆ ಇವರ ಮೈಮೇಲೆ ಬಂದು ಹೋಗಿದ್ದಾಳೆ, ಆದ್ದರಿಂದ ಅಮ್ಮನಿಗೆ ಇವರು ಹೊರಗಿನವರಲ್ಲ ಎಂದು ಕೆರೆಯಂಚಿನ ಕೇರಿಗಳ ಹೆಂಗಸರು ನಂಬಿದ್ದರು.

ಅವರು ಯಲಹಂಕದ ಕಡೆಯ ಒಂದು ಆರೋಗ್ಯ ಉಪಕೇಂದ್ರದ ನರ್ಸು. ಪುಟ್ಟೇನಹಳ್ಳಿ, ಅಲ್ಲಾಳಸಂದ್ರದ ಸುತ್ತಿನ ಕೇರಿಗಳೆಲ್ಲ ಅವರ ಪಾಲಿಗೆ ಬಂದಿದ್ದವು. ಎಲ್ಲರಿಗೂ ಅವರು ನರ್ಸಮ್ಮ. ಹಳೆಯ ಯಲಹಂಕದ ಪುಟ್ಟ ಮನೆಯಲ್ಲಿ ಮುದಿ ತಾಯಿಯೊಂದಿಗೆ ದಖ್ಖನಿ ಮಾತಾಡಿಕೊಂಡಿದ್ದು, ಹೊಸ್ತಿಲು ದಾಟಿದ ಕೂಡಲೇ ಕನ್ನಡಕ್ಕೆ ಹೊರಳುತ್ತಿದ್ದರು. “ನಂಗೆ ಅಮ್ಮ ಆದಾಗ ನಮ್ ತಾಯಿ ನಮಾಜೂ ಮಾಡಿದ್ಳು, ಬಾಗ್ಲಿಗೆ ಬೇವೂ ಕಟ್ಟಿದ್ಳು. ಯಾರ್ ಉಳಿಸಿದ್ರೋ, ಇಬ್ರಿಗೂ ಥ್ಯಾಂಕ್ಸ್ ಹೇಳ್ಬಿಡೋದು” ಎನ್ನುತ್ತಿದ್ದರು.

ನಾನು ಅವರ ಬಳಿಗೆ ಹೋದದ್ದು ಎಂಬತ್ತರ ದಶಕದ ನಡುವಿನಲ್ಲಿ. ಬಿ.ಎಸ್ಸಿ. ಎರಡನೇ ದರ್ಜೆಯಲ್ಲಿ ಪಾಸಾಗಿ ಯಶವಂತಪುರದ ನಮ್ಮ ಮನೆಯಲ್ಲಿ ಅಕ್ಕಿ ಆರಿಸಿಕೊಂಡು ಕೂತಿದ್ದವಳಿಗೆ ಒಂದು ಸಂಶೋಧನಾ ಯೋಜನೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಎಷ್ಟು ಮಕ್ಕಳಿಗೆ ದಡಾರ ಬರುತ್ತದೆ, ಬಂದಾಗ ಎಷ್ಟು ಜನ ಆಸ್ಪತ್ರೆಗೆ ಹೋಗುತ್ತಾರೆ, ಹೋಗದವರು ಯಾಕೆ ಹೋಗುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ದಡಾರಕ್ಕೆ ಲಸಿಕೆ ಬರುತ್ತದಂತೆ ಎಂಬ ಮಾತು ಆಗಷ್ಟೇ ಕೇಳಿಬರುತ್ತಿತ್ತು. ಬಂದಾಗ ಯಾವ ಕೇರಿಗೆ ಮೊದಲು ಕೊಡಬೇಕು ಎಂಬುದಕ್ಕೂ ನಮ್ಮ ಸಮೀಕ್ಷೆಯೇ ಆಧಾರ. ಹಿಮ್ಮಡಿ ಎತ್ತರದ ಹೊಸ ಚಪ್ಪಲಿ ಹಾಕಿಕೊಂಡು, ಅಚ್ಚಾದ ಫಾರಂಗಳ ಕಟ್ಟನ್ನು ಎದೆಗೆ ಅವಚಿಕೊಂಡು ಹೋದ ನನ್ನನ್ನು ನರ್ಸಮ್ಮ ಮೇಲಿನಿಂದ ಕೆಳಗೆ ನೋಡಿದರು. “ಫಾರಂ ಏನೋ ಭೇಷಾಗೈತೆ. ಚಪ್ಪಲಿ ಮಾತ್ರ ನಾಳೆ ಬದ್ಲಾಯಿಸ್ಕೊಂಡ್ ಬಾ.”

ಪ್ರಶ್ನೆ ಕೇಳುವುದನ್ನು ಕಲಿಸಿದವರೂ ಅವರೇ. “ಪೊಲೀಸ್ನೋರ್ ತರ ನಿಂತ್ಕೊಂಡ್ ಕೇಳ್ಬೇಡ. ಅವ್ರು ಸೊಪ್ಪು ಬಿಡಿಸ್ತಿದ್ರೆ ನೀನೂ ಕೂತ್ಕೊಂಡು ಬಿಡಿಸು. ಕಟ್ಟು ಮುಗಿಯೋಷ್ಟ್ರಲ್ಲಿ ನಿನ್ ಫಾರಮ್ಮೂ ಮುಗ್ದಿರತ್ತೆ.” ಹಾಗೇ ಆಗುತ್ತಿತ್ತು. ಆ ವರ್ಷ ನಾನು ಬಿಡಿಸಿದಷ್ಟು ದಂಟಿನ ಸೊಪ್ಪನ್ನು ನನ್ನ ಮದುವೆಯಾದ ಮೇಲೂ ಬಿಡಿಸಿಲ್ಲ.

ಅವರ ಉಪಕೇಂದ್ರ ಎಂದರೆ ಒಂದೇ ಕೋಣೆ. ಅದರ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಪಟ್ಟಿ ಬರೆದಿಟ್ಟಿದ್ದರು. ಯಾರ ಮನೆಯಲ್ಲಿ ಎತ್ತಿನ ಗಾಡಿ ಇದೆ, ಯಾವ ಲಾರಿ ಡ್ರೈವರು ಯಾವ ವಾರ ಮನೆಯಲ್ಲಿರುತ್ತಾನೆ, ಹಾಲಿನ ವ್ಯಾನು ಎಷ್ಟು ಗಂಟೆಗೆ ಹೆಬ್ಬಾಳದ ಕಡೆ ಹೋಗುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಪ್ರತಿ ಸೋಮವಾರ ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದಾಗಿ ಬರೆಯುತ್ತಿದ್ದರು. ಆಂಬುಲೆನ್ಸ್ ಇಲ್ಲವೇ ಎಂದು ನಾನು ಕೇಳಿದ್ದಕ್ಕೆ ಆ ಗೋಡೆಯನ್ನೇ ತೋರಿಸಿದರು. “ಕಾಯಿಲೆ ಬಂದ್ಮೇಲೆ ಓಡೋದು ಡಾಕ್ಟ್ರ ಕೆಲ್ಸ. ಬರೋಕ್ ಮುಂಚೆ ನಡೆಯೋದು ನಮ್ ಕೆಲ್ಸ” ಎಂಬುದು ಅವರು ಪದೇ ಪದೇ ಹೇಳುತ್ತಿದ್ದ ಮಾತು.

ಆದರೆ ನಾನು ಬೆರಗಾಗಿ ನೋಡುತ್ತಿದ್ದುದು ಅವರು ಬೇವು ಕಟ್ಟಿದ ಮನೆಗೆ ಹೋಗುವ ರೀತಿಯನ್ನು. ಮಗುವಿಗೆ ದಡಾರ ಎದ್ದರೆ ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಸೊಪ್ಪು ಕಂಡರೆ ಹೊರಗಿನವರು ಒಳಗೆ ಹೋಗುವಂತಿರಲಿಲ್ಲ, ಮನೆಯವರು ಆಸ್ಪತ್ರೆಗೆ ಹೊರಡುವಂತೆಯೂ ಇರಲಿಲ್ಲ. ನರ್ಸಮ್ಮ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು, ಕಾಲಿಗೆ ನೀರು ಹಾಕಿಕೊಂಡು, ಸೊಪ್ಪಿನ ಕೆಳಗೆ ನಿಂತು ಗಟ್ಟಿಯಾಗಿ ಕೂಗುತ್ತಿದ್ದರು: “ತಾಯೀ, ನಿನ್ ಮಗೀನ ಒಂದ್ಸಲ ನೋಡ್ಕೊಂಡ್ ಹೋಗ್ತೀನಿ, ಅಪ್ಪಣೆ ಕೊಡು!” ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಯಾರಾದರೂ “ಬನ್ನಿ ನರ್ಸಮ್ಮ” ಎನ್ನುತ್ತಿದ್ದರು. ಒಳಗೆ ಹೋಗಿ ಮಗುವಿನ ಅಂಗಿ ಎತ್ತಿ, ಗಡಿಯಾರ ಹಿಡಿದು ಉಸಿರು ಎಣಿಸುತ್ತಿದ್ದರು. ಔಷಧಿಯ ಮಾತು ಆ ಕೋಣೆಯಲ್ಲಿ ಎತ್ತುತ್ತಿರಲಿಲ್ಲ. ತಾಯಿಯನ್ನು ಹೊರಗೆ ಕರೆದು ಹೇಳುತ್ತಿದ್ದರು: “ಅಮ್ಮ ಮೈಮೇಲೆ ಇರ್ಲಿ, ನಂದೇನೂ ತಕರಾರಿಲ್ಲ. ಎದೆಗೆ ಇಳಿದ್ರೆ ಮಾತ್ರ ನಂಗೆ ಬಿಡ್ಬೇಕು.” ಹಾಗೆ ಅವರು ಗಾಡಿಯಲ್ಲಿ, ಹಾಲಿನ ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಿ ಉಳಿಸಿದ ಮಕ್ಕಳು ಆ ಕಡೆ ಬೇಕಾದಷ್ಟಿದ್ದರು.

ಇನ್ನು ನನ್ನ ವಿಷಯಕ್ಕೆ ಬರಬೇಕು. ಬರದೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ಮಾಘ ಮಾಸದ ಒಂದು ವಾರ ನರ್ಸಮ್ಮನನ್ನು ದೂರದ ಊರಿನ ಸಂತಾನಹರಣ ಆಪರೇಷನ್ ಕ್ಯಾಂಪಿಗೆ ಹಾಕಿದರು. ಕೆರೆಯಾಚೆಯ ಒಂದು ಕೇರಿಯಲ್ಲಿ ದಡಾರ ಶುರುವಾಗುವ ಲಕ್ಷಣ ಕಾಣುತ್ತಿತ್ತು. ಹೊರಡುವ ಮುಂಚೆ ನನ್ನನ್ನು ಕೂರಿಸಿಕೊಂಡು ಹೇಳಿದರು: “ಸೊಪ್ಪು ಕಟ್ಟಿರೋ ಮನೆಗೆ ಮೊದ್ಲು ಹೋಗು. ನಾನ್ ಕೂಗೋ ಹಂಗೇ ಕೂಗು, ಬಿಡ್ತಾರೆ. ಮಗು ಉಸಿರು ಏರ್ತಿದ್ರೆ ಒಂದ್ ಚೀಟಿ ಬರ್ದು ಹಾಲಿನ ವ್ಯಾನ್‌ನೋನ ಕೈಗೆ ಕೊಡು. ಅವತ್ತೇ ನಂಗೆ ತಲುಪತ್ತೆ, ಬಂದ್ಬಿಡ್ತೀನಿ.” ನಾನು ತಲೆಯಾಡಿಸಿದೆ.

ಆ ಕೇರಿಗೆ ಹೋಗಬೇಕಾದ ಬೆಳಿಗ್ಗೆಯೇ ನಾನು ಹೊರಗಾದೆ. ನಮ್ಮ ಅಜ್ಜಿ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದ ಪಾಠವೊಂದಿತ್ತು. ಅಮ್ಮ ಬಂದ ಮನೆಗೆ ಮುಟ್ಟಾದ ಹೆಂಗಸಿನ ನೆರಳೂ ಬೀಳಬಾರದು, ಬಿದ್ದರೆ ಅಮ್ಮ ಮುನಿಯುತ್ತಾಳೆ, ಮಗುವಿನ ಕಣ್ಣು ಹೋಗುತ್ತದೆ. ವೈರಸ್ಸಿನ ಚಿತ್ರ ಬರೆದು ಪರೀಕ್ಷೆಯಲ್ಲಿ ಅಂಕ ತೆಗೆದವಳು ನಾನು. ಆದರೂ ಮೊದಲನೇ ಮನೆಯ ತಟ್ಟಿ ಬಾಗಿಲಿನ ಮೇಲೆ ಹಸಿರು ಸೊಪ್ಪು ಕಂಡಾಗ ಕಾಲು ಮುಂದೆ ಹೋಗಲಿಲ್ಲ. ಒಳಗೆ ಮಗು ಕೆಮ್ಮುತ್ತಿರುವುದು ಕೇಳಿಸುತ್ತಿತ್ತು. ನನ್ನಿಂದ ಅದಕ್ಕೆ ಕೆಡುಕಾಗುವುದು ಬೇಡ ಎಂದುಕೊಂಡೆ. ಬೀದಿಯಲ್ಲೇ ನಿಂತು ಕೈ ಮುಗಿದು ಹಿಂದಕ್ಕೆ ಬಂದೆ.

ಫಾರಂನಲ್ಲಿ ಮೂರೇ ಚೌಕಗಳಿದ್ದವು: ಮಾಹಿತಿ ಸಿಕ್ಕಿದೆ, ನಿರಾಕರಿಸಿದರು, ಬೀಗ ಹಾಕಿದೆ. ನಿರಾಕರಿಸಿದರು ಎಂದು ಬರೆದರೆ ಮೇಲ್ವಿಚಾರಕರು ಯಾಕೆ ಎಂದು ಕೇಳುತ್ತಾರೆ. ನಮ್ಮ ತಂದೆಯ ವಯಸ್ಸಿನ ಅವರ ಮುಂದೆ ಏನೆಂದು ಹೇಳುವುದು? ‘ಬೀಗ ಹಾಕಿದೆ’ ಚೌಕಕ್ಕೆ ಗುರುತು ಹಾಕಿದೆ. ಬೀಗ ಇದ್ದರೆ ಪಕ್ಕದ ಮನೆ ಹಿಡಿಯಬೇಕೆಂಬುದು ನಿಯಮ. ಪಕ್ಕದ ಮನೆಯ ಮಕ್ಕಳು ಗುಂಡುಕಲ್ಲಿನಂತೆ ಇದ್ದರು. ಆ ಕೇರಿಯಲ್ಲಿ ಸೊಪ್ಪು ಕಟ್ಟಿದ ಇನ್ನೆರಡು ಮನೆಗಳಿದ್ದವು, ಅಲ್ಲೂ ಹಾಗೇ ಮಾಡಿದೆ. ನನ್ನ ಕಾಗದದ ಪ್ರಕಾರ ಆ ಕೇರಿಯಲ್ಲಿ ದಡಾರವೇ ಇರಲಿಲ್ಲ.

ನಾಲ್ಕನೆಯ ದಿನ ತಟ್ಟಿ ಬಾಗಿಲಿನ ಮನೆಯ ಮಗು ತೀರಿಕೊಂಡಿತು. ಇನ್ನೂ ಮೂರು ತುಂಬದ ಹೆಣ್ಣುಮಗು. ದಡಾರ ಎದೆಗೆ ಇಳಿದಿತ್ತು.

ನರ್ಸಮ್ಮ ಕ್ಯಾಂಪಿನಿಂದ ಬಂದವರು ತಮ್ಮ ರಿಜಿಸ್ಟರಿನಲ್ಲಿ ಸಾವನ್ನು ಬರೆದರು. ಕೇಂದ್ರದ ಡಾಕ್ಟರು ಅದನ್ನೂ ನಮ್ಮ ಸಮೀಕ್ಷೆಯ ಹಾಳೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು, “ಸರ್ವೆಯವರು ದಡಾರ ಇಲ್ಲ ಅಂತಾರೆ, ಮನೆಗೆ ಬೀಗ ಅಂತಾರೆ. ನೀವು ಅದೇ ಮನೇಲಿ ದಡಾರದಿಂದ ಸಾವು ಅಂತೀರಿ. ಲಸಿಕೆ ಬೇಗ ಸಿಗ್ಲಿ ಅಂತ ಸುಳ್ಳು ಬರೀತೀರೇನ್ರಿ?” ಎಂದು ಮೆಮೋ ಕೊಟ್ಟರು. ನರ್ಸಮ್ಮ ನನ್ನ ಹೆಸರನ್ನು ಎತ್ತಲಿಲ್ಲ. ನನ್ನ ಫಾರಂ ಇಸಿದುಕೊಂಡು ನೇರ ನನ್ನ ಬಳಿ ಬಂದರು.

“ಬೀಗ ಅಂತ ಬರ್ದಿದ್ದೀಯ” ಎಂದರು. “ಆ ಮನೆಗಿರೋದು ತಟ್ಟಿ ಬಾಗ್ಲು ಕಣಮ್ಮ. ಅದಕ್ಕೆ ಬೀಗ ಎಲ್ಲಿ ಹಾಕ್ತಾರೆ?”

ನಾನು ಅಳುತ್ತ ಕಾರಣ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಕೊಡೆಯ ಹಿಡಿಯನ್ನು ತಿರುಗಿಸುತ್ತ, “ನಾನೂ ಹೆಂಗಸಲ್ವಾ? ತಿಂಗ್ಳಿಗೆ ಮೂರ್ ದಿನ ನಾನು ಹೊರಗ್ ಕೂತ್ರೆ ಈ ಕೇರಿ ಮಕ್ಳು ಏನಾಗ್ಬೇಕು? ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?” ಎಂದರು.

ನಾನು ಕೇಳಬಾರದ್ದನ್ನು ಕೇಳಿದೆ. ಅವತ್ತು ನಾನು ಒಳಗೆ ಹೋಗಿ ನೋಡಿ ಚೀಟಿ ಕಳಿಸಿದ್ದರೆ?

“ಉಳೀತಿತ್ತು” ಎಂದರು.

ಬೇರೆ ಯಾರಾದರೂ ಆಗಿದ್ದರೆ ಹಣೆಬರಹ ಎನ್ನುತ್ತಿದ್ದರು, ಹೇಳಲು ಬರುವುದಿಲ್ಲ ಎನ್ನುತ್ತಿದ್ದರು. ಅವರು ಹಾಗೆನ್ನಲಿಲ್ಲ. ಆಗ ನನಗೆ ಅವರ ಮೇಲೆ ಸಿಟ್ಟು ಬಂದದ್ದೂ ನಿಜ. ಇಷ್ಟು ವರ್ಷಗಳಾದ ಮೇಲೆ ನೋಡಿದರೆ, ನನ್ನನ್ನು ಇದೇ ಕೆಲಸದಲ್ಲಿ ಉಳಿಸಿದ್ದು ಆ ಒಂದು ಮಾತು.

ಮಾರನೆಯ ದಿನ ತಪ್ಪೊಪ್ಪಿಗೆ ಬರೆದುಕೊಟ್ಟೆ. ಮೇಲ್ವಿಚಾರಕರು ಓದುತ್ತಿದ್ದಂತೆ ಕೆಂಪಾಗಿ, “ತಪ್ಪಾಗಿದೆ ಅಂತಷ್ಟೇ ಬರೀರಿ, ಕಾರಣ ಎಲ್ಲ ಬೇಡ” ಎಂದು ವಾಪಸು ಕೊಟ್ಟರು. ನರ್ಸಮ್ಮ ಅದನ್ನು ಕೇಳಿ ಸುಮ್ಮನಿರಲಿಲ್ಲ. ನನ್ನನ್ನೂ ಕರೆದುಕೊಂಡು ಅವರ ಮೇಜಿನ ಮುಂದೆ ನಿಂತು, “ಕಾರಣಾನೇ ಅಲ್ವಾ ಸಾರ್ ಮುಖ್ಯ? ಈ ಹುಡ್ಗಿ ಒಬ್ಳೇನಾ ಹಂಗ್ ಮಾಡಿರೋದು? ಉಳಿದೋರ್ನೂ ಕೇಳಿ” ಎಂದರು. ಕೇಳಿದರು. ಬೇರೆ ಬೇರೆ ಕಾರಣಕ್ಕೆ ಇನ್ನೂ ಕೆಲವರು ಸೊಪ್ಪು ಕಂಡು ತಿರುಗಿ ಬಂದಿದ್ದರು. ರೋಗ ಎಲ್ಲಿದೆಯೋ ಆ ಮನೆಗಳನ್ನೇ ಬಿಟ್ಟು ರೋಗವನ್ನು ಲೆಕ್ಕ ಹಾಕುತ್ತಿದ್ದೆವು. ಮುಂದಿನ ಸಲ ಅಚ್ಚಾದ ಫಾರಂನಲ್ಲಿ ನಾಲ್ಕನೆಯ ಚೌಕ ಬಂತು: ಬಾಗಿಲಲ್ಲಿ ಬೇವು. ಅಂಥ ಮನೆಗೆ ನರ್ಸಿನೊಂದಿಗೆ ಅವತ್ತೇ ಮತ್ತೆ ಹೋಗತಕ್ಕದ್ದು ಎಂದು ಕೆಳಗೆ ಸೂಚನೆಯೂ ಇತ್ತು.

ಲಸಿಕೆ ಬಂದಾಗ ಆ ಕೇರಿಗೇ ಮೊದಲು ಬಂತು. ನರ್ಸಮ್ಮನ ಮೆಮೋ ಮಾತ್ರ ಅವರ ಫೈಲಿನಲ್ಲಿ ಹಾಗೇ ಉಳಿಯಿತು. ಅದನ್ನು ತೆಗೆಸಲು ನಾನು ಓಡಾಡಿದೆ, ಆಗಲಿಲ್ಲ. ಲಸಿಕೆ ಹಾಕಲು ಆ ಕೇರಿಗೆ ಹೋದ ದಿನ ಮಂಜುಗಡ್ಡೆ ತುಂಬಿದ ಫ್ಲಾಸ್ಕನ್ನು ಅವರು ಹೊತ್ತಿದ್ದರು, ಕೊಡೆಯನ್ನು ನಾನು ಹಿಡಿದಿದ್ದೆ. ತಟ್ಟಿ ಬಾಗಿಲಿನ ಮನೆ ಬಂದಾಗ “ನೀನಿಲ್ಲೇ ಇರು” ಎಂದು ನನ್ನನ್ನು ಹೊಂಗೆಮರದಡಿ ನಿಲ್ಲಿಸಿ ಒಬ್ಬರೇ ಒಳಗೆ ಹೋದರು. ತುಂಬ ಹೊತ್ತಾದ ಮೇಲೆ ಬಂದರು. ಏನು ಮಾತಾಡಿದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಊರಿನವರ ಕಾಯಿಲೆಯನ್ನೆಲ್ಲ ಮುಂಚೆಯೇ ಕಾಣುತ್ತಿದ್ದವರು ತಮ್ಮ ಸಕ್ಕರೆ ಕಾಯಿಲೆಯನ್ನು ನೋಡಿಕೊಳ್ಳಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದ್ದು ಮಾಯದೆ, ಕೀವಾಗಿ, ಮೇಲಕ್ಕೇರಿತು. ಆಸ್ಪತ್ರೆಗೆ ನೋಡಲು ಹೋದಾಗ “ನನ್ ಗೋಡೆ ಮೇಲಿನ ಪಟ್ಟಿ ಯಾರಾದ್ರೂ ಬರೀತಿದ್ದಾರಾ?” ಎಂದು ಕೇಳಿದರು. ಬರೆಯುತ್ತಿದ್ದೇನೆ ಎಂದೆ. ಆ ದಶಕ ಮುಗಿಯುವ ಮುಂಚೆಯೇ ಹೋಗಿಬಿಟ್ಟರು. ಇನ್ನೂ ನಿವೃತ್ತಿಯೂ ಆಗಿರಲಿಲ್ಲ. ಬಸ್ಸಿನಲ್ಲಿ ಯಲಹಂಕಕ್ಕೆ ಹೋಗುವಾಗ ನನಗೆ ತಾಯಿ ಸತ್ತಷ್ಟು ದುಃಖವಾಗಿತ್ತು.

ಗಂಡಸರು ಅವರನ್ನು ಮಣ್ಣಿಗೆ ಹೊತ್ತುಕೊಂಡು ಹೋದ ಮೇಲೆ ಹೆಂಗಸರೆಲ್ಲ ಮನೆಯಲ್ಲಿ ಉಳಿದೆವು. ಕೇರಿಗಳಿಂದ ಬಂದವರು ಅಂಗಳದಲ್ಲಿ, ಬೀದಿಯಲ್ಲಿ ಕೂತಿದ್ದರು. ಅವರಲ್ಲೊಬ್ಬರು ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು. ಮುಖ ನೋಡಿದರೆ ಗುರುತು ಸಿಗಲಿಲ್ಲ. ಕೆರೆಯಾಚೆಯವರು, ತಟ್ಟಿ ಬಾಗಿಲಿನ ಮನೆಯ ಮಗುವಿನ ತಾಯಿ ಎಂದು ಅವರೇ ಹೇಳಿಕೊಂಡರು.

“ಅವತ್ತು ನೀವು ಬಂದಿದ್ದು ನಾನು ತಟ್ಟಿ ಸಂದೀಲಿ ನೋಡಿದ್ದೆ ಕಣವ್ವ” ಎಂದರು. “ಸೊಪ್ಪು ನೋಡಿ ಕೈ ಮುಗ್ದು ಇಂದಕ್ಕೆ ಓದ್ರಿ. ಒಳ್ಳೆ ಮನೆ ಎಣ್ಮಗಳು, ಅಮ್ಮನ್ನ ಕಂಡ್ರೆ ಭಯ ಭಕ್ತಿ ಐತೆ ಅಂದ್ಕಂಡೆ. ಮಗಿ ಉಸ್ರು ಏರ್ತಿತ್ತು. ಆಮ್ಯಾಕೆ ಅನ್ನಿಸ್ತು, ನಾನೇ ಕೂಗಿ ಕರೀಬೇಕಿತ್ತು ಅಂತ. ಅದೇ ಕೊರಗಾಗಿತ್ತು. ಸೂಜಿ ಆಕಕ್ಕೆ ಬಂದಾಗ ನರ್ಸಮ್ಮನ ತಾವ ಏಳ್ಕಂಡು ಅತ್ತೆ.”

“ಏನಂದ್ರು?” ಎಂದೆ.

“ಕೂಗಿದ್ರೂ ಏನೂ ಆಗ್ತಿರ್ನಿಲ್ಲ, ಅಷ್ಟೊತ್ಗಾಗ್ಲೇ ಒತ್ತು ಮೀರೋಗಿತ್ತು, ನಿನ್ ತಪ್ಪಿಲ್ಲ ಅಂದ್ರು.” ಅವರು ನನ್ನ ಕೈ ಹಿಡಿದುಕೊಂಡರು. “ನೀವೂ ಓದಿದೋರು. ದಿಟ ಏಳಿ. ಒತ್ತು ಮೀರಿತ್ತಾ?”

ಸುಳ್ಳು ಬರೆದಿದ್ದಾರೆಂದು ಮೆಮೋ ತಿಂದ ನರ್ಸಮ್ಮ ಆಡಿದ ಸುಳ್ಳು ನನಗೆ ಗೊತ್ತಿರುವಂತೆ ಅದೊಂದೇ. ನಿಜವನ್ನು ನನಗೆ ಕೊಟ್ಟು ಹೋಗಿದ್ದರು.

“ಹೌದಮ್ಮ, ಹೊತ್ತು ಮೀರಿತ್ತು” ಎಂದೆ.