ಅಳಿಲಿನ ಒದ್ದೆ ಹಾಸಿಗೆ

ಕನ್ನಡಕದ ಅಂಗಡಿಯಾಕೆಗೆ ನಲವತ್ತಾರು ವರ್ಷ. ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸುವ ಬೆರಳುಗಳಿಗಿರುವ ತಾಳ್ಮೆ ಆಕೆಯ ನಾಲಿಗೆಗಿಲ್ಲ. ಅದರಲ್ಲೂ ಯಾರಾದರೂ ಅಳಿಲಿನ ಸುದ್ದಿ ಎತ್ತಿದರೆ ಮುಗಿಯಿತು.

ಆಕೆಯ ಅಮ್ಮ ಹನ್ನೊಂದು ವರ್ಷ ಟಿವಿಯ ಮಕ್ಕಳ ಕಾರ್ಯಕ್ರಮದಲ್ಲಿ ಅಳಿಲು ಗೊಂಬೆ ಆಡಿಸಿದವಳು. ಮೇಜಿನ ಕೆಳಗೆ ಚಾಪೆ ಹಾಸಿ ಮಲಗಿ, ಗೊಂಬೆಯೊಳಗೆ ಕೈ ತೂರಿಸಿ, ಅದರ ಮಾತನ್ನೂ ತಾನೇ ಆಡುತ್ತಿದ್ದಳು. ಬರೆದುಕೊಟ್ಟ ಮಾತು ಸಪ್ಪೆ ಎನಿಸಿದಾಗಲೆಲ್ಲ ಮನೆಯಲ್ಲಿ ಮಗಳು ಮಾಡಿದ್ದನ್ನೇ ಅಳಿಲಿನ ತಲೆಗೆ ಕಟ್ಟುತ್ತಿದ್ದಳು. ಮಗಳು ಹಾಸಿಗೆ ಒದ್ದೆ ಮಾಡಿ, ತಂಬಿಗೆ ಉರುಳಿತೆಂದು ಸುಳ್ಳು ಹೇಳಿದ ವಾರವೇ ಅಳಿಲೂ ಹಾಗೆಯೇ ಹೇಳಿತು. ಊರಿಗೆ ಊರೇ ನಕ್ಕಿತು. ಗೊಂಬೆ ಆಡಿಸುವವಳ ಮಗಳು ಯಾರೆಂದು ಶಾಲೆಗೆಲ್ಲ ಗೊತ್ತಿತ್ತು. ಒಂಬತ್ತು ವರ್ಷದ ಹುಡುಗಿಗೆ ‘ತಂಬಿಗೆ’ ಎಂದು ಹೆಸರು ಬಿತ್ತು. ಶಾಲೆ ಮುಗಿಯುವವರೆಗೂ ಅದು ಬಿಡಲಿಲ್ಲ.

ಮೊನ್ನೆ ಬ್ಯಾಂಕಿನವನೊಬ್ಬ ಓದುವ ಕನ್ನಡಕಕ್ಕೆ ಬಂದಿದ್ದ. ಗಡ್ಡ ನರೆಯಲು ಶುರುವಾಗಿತ್ತು.

“ಮೇಡಂ, ಆಗ ಅಳಿಲು ನೋಡ್ತಿದ್ದವರೆಲ್ಲ ಭಾನುವಾರ ಸೇರ್ತಿದ್ದೀವಿ. ನಿಮ್ಮ ತಾಯಿಯವರು ತಂಬಿಗೆ ಕತೆ ಆಡಿಸ್ತಾರಂತೆ! ನನ್ನ ಬಾಲ್ಯ ಅಂದ್ರೆ ಅದೇ ನೋಡಿ.”

“ನಿಮ್ಮದಲ್ಲ, ನನ್ನದು. ಹಾಸಿಗೆ ನನ್ನದು, ಸುಳ್ಳು ನನ್ನದು. ನಗು ಮಾತ್ರ ನಿಮ್ಮದು.”

ಅವನ ಮುಖ ಬಾಡಿತು. “ಅಯ್ಯೋ, ಗೊತ್ತಿರಲಿಲ್ಲ. ನನಗೂ ಹಾಗೇ ಆಗ್ತಿತ್ತು ಮೇಡಂ. ಅಳಿಲಿಗೂ ಆಗುತ್ತೆ ಅಂತ ಧೈರ್ಯ ಬಂದಿತ್ತು.”

“ನಿಮಗೆ ಧೈರ್ಯ ಬಂತು, ನನಗೆ ಅಡ್ಡಹೆಸರು ಬಂತು. ಈ ಸಾಲು ಓದಿ. ಕಾಣ್ತಿದ್ಯಾ?”

ಅವನು ಹೋದದ್ದೇ ತಡ, ಬಾಗಿಲೆಳೆದು ಮನೆಗೆ ಬಂದಳು. ಅಮ್ಮ ಮಂಚದ ಮೇಲೆ ಕೂತು ಗೊಂಬೆಯ ಬಾಲ ಹೊಲಿಯುತ್ತಿದ್ದಳು.

“ಆಡಿಸ್ತೀಯಂತೆ. ನನ್ನನ್ನ ಒಂದು ಮಾತು ಕೇಳಿದ್ಯಾ? ಆಗಲೂ ಇಲ್ಲ, ಈಗಲೂ ಇಲ್ಲ.”

“ಅದು ಅಳಿಲು ಕಣೆ, ನೀನಲ್ಲ. ಮಗು ಉಚ್ಚೆ ಹೊಯ್ದಿದ್ದಕ್ಕೆ ಮೂವತ್ತೇಳು ವರ್ಷ ಸಿಟ್ಟಾ?”

“ಮಗುವಿಗೂ ಮಾನ ಇರುತ್ತೆ ಅಮ್ಮಾ!”

ಹೆತ್ತವಳ ಮೇಲೆ ಹೀಗೆ ಕೂಗುವುದನ್ನು ದೇವರು ಮೆಚ್ಚುವುದಿಲ್ಲ. ಮಗುವಿನ ಗುಟ್ಟನ್ನು ಊರಿಗೆ ಹಂಚಿದ್ದನ್ನೂ ಅವನು ಮೆಚ್ಚಿರಲಾರ.

“ಆಯ್ತು ಮಾರಾಯ್ತಿ, ಬೇರೆ ಕತೆ ಆಡಿಸ್ತೀನಿ. ಹಲ್ಲು ಬಿದ್ದಿದ್ದು?”

“ಅದು ನನ್ನ ಹಲ್ಲು.”

“ಕನ್ನಡಿ ಮುಂದೆ ನಿಂತು ಬೈಕೊಂಡಿದ್ದು?”

“ನಾನೇ.”

“ಅಮ್ಮ ಹುಡುಕಲಿ ಅಂತ ಮೆಟ್ಟಿಲ ಕೆಳಗೆ ಬಚ್ಚಿಟ್ಕೊಂಡಿದ್ದು?”

“ನೀನು ಕೆಲಸದಿಂದ ಬರೋಷ್ಟರಲ್ಲಿ ನಾನು ಅಲ್ಲೇ ನಿದ್ದೆ ಹೋಗಿದ್ದೆ.”

ಅಮ್ಮನ ಸೂಜಿ ನಿಂತಿತು. ತುಟಿಯಲ್ಲೇ ಒಂದೊಂದು ಕತೆಯನ್ನೂ ನೆನೆಸಿಕೊಂಡಳು. ಕೊನೆಗೆ, “ನಿನ್ನದಲ್ಲದ್ದು ಒಂದೂ ಇಲ್ಲ ಕಣೆ,” ಎಂದಳು.

ಆಮೇಲೆ ಭಾನುವಾರದ ಕೂಟಕ್ಕೆ ತನ್ನನ್ನು ಕರೆದವನಿಗೆ ಫೋನು ಮಾಡಿದಳು. “ಬರ್ತೀನಪ್ಪ, ಗೊಂಬೆ ತರಲ್ಲ. ಯಾಕೆ ಅಂದ್ರೆ? ಕತೆಗಳು ನನ್ನವಲ್ಲ, ಅದಕ್ಕೆ.”

ತಪ್ಪಾಯಿತು ಎಂಬ ಮಾತು ಮಾತ್ರ ಅವಳ ಬಾಯಿಂದ ಬರಲಿಲ್ಲ. ಮಗಳ ಸಿಟ್ಟೂ ಇಳಿಯಲಿಲ್ಲ. “ಊಟ ಮಾಡಿದ್ಯೋ ಇಲ್ವೋ?” ಎಂದು ಅಮ್ಮನನ್ನು ಕೇಳಿದಳು, ಬೈಯುವ ದನಿಯಲ್ಲೇ.